ಮರದೊಳಗಿನ ಕರಕರ

ನಾನು ಚಿಕ್ಕವಳಿದ್ದಾಗ ಬಾವಿಯ ಪಕ್ಕದ ತೆಂಗಿನ ಮರವೂ ಚಿಕ್ಕದೇ. ನನಗೆ ಹತ್ತು ವರ್ಷವೋ ಹನ್ನೊಂದೋ, ಯಾರೂ ಬರೆದಿಡಲಿಲ್ಲ. ಸಸಿಯಾಗಿದ್ದಾಗಿನಿಂದ ಅದಕ್ಕೆ ಚೊಂಬಿನಲ್ಲಿ ನೀರು ಹೊತ್ತವಳು ನಾನು. ಅದು ಮೊದಲ ಹೊಂಬಾಳೆ ಬಿಟ್ಟ ವರ್ಷವೇ ಅಕ್ಕನ ಮದುವೆಯಾಯಿತು. ಚಪ್ಪರಕ್ಕೆ ಹಸಿ ಗರಿ ಬೇಕಿತ್ತು. ಕೈಗೆಟುಕುವ ಮರ ಅದೊಂದೇ ಎಂದು ಅಪ್ಪ ಮಚ್ಚಿನಿಂದ ಅದರ ಗರಿಗಳನ್ನು ಬುಡಕ್ಕೇ ಕಡಿದ.

ಕೆಲವು ತಿಂಗಳಾದ ಮೇಲೆ, ಅಕ್ಕ ಶೆಟ್ಟಿಕೆರೆಯಿಂದ ತವರಿಗೆ ಬಂದಿದ್ದ ಒಂದು ಬೆಳಿಗ್ಗೆ, ಅಪ್ಪ ಬಾವಿಕಟ್ಟೆಯ ಕಲ್ಲಿಗೆ ಕೊಡಲಿ ಮಸೆಯುತ್ತಿದ್ದ. ಮರದ ಮೈಯಿಂದ ಕಂದು ಬಣ್ಣದ ಅಂಟು ಸೋರುತ್ತಿತ್ತು, ಹುಳಿ ಹೆಂಡದಂಥ ವಾಸನೆ.

"ತಿಪ್ಪೆ ಹುಳ ಹೊಕ್ಕೈತೆ. ಇವತ್ತು ಇದನ್ನ ಕಡೀದಿದ್ರೆ ನಾಳೆ ತೋಟಾನೇ ಹೋಯ್ತದೆ," ಎಂದ ಅಪ್ಪ.

ನಾನು ಮರಕ್ಕೆ ಕಿವಿಯಿಟ್ಟೆ. ಒಳಗೆ ಕರಕರ, ಕರಕರ. ಯಾರೋ ಬಾಯಿ ಮುಚ್ಚಿಕೊಂಡು ಹುರಿಗಡಲೆ ಅಗಿಯುವ ಹಾಗೆ. ತಲೆಯೆತ್ತಿ ಸುಳಿ ನೋಡಿದೆ. ತಿಪ್ಪೆಯಿಂದ ಬರುವ ಕರಿ ದುಂಬಿಗೆ ಮೂಗಿನ ಮೇಲೆ ಕೊಂಬು. ಅದು ಹೊಕ್ಕರೆ ಹೊಸ ಗರಿ ಕತ್ತರಿಯಲ್ಲಿ ಕತ್ತರಿಸಿದಂತೆ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಗರಿ ಇಡಿಯಾಗಿತ್ತು. ಅಂಟು ಸೋರುತ್ತಿದ್ದದ್ದು ಅಪ್ಪ ಗರಿ ಕಡಿದ ಜಾಗಗಳಿಂದ ಮಾತ್ರ. ಅಲ್ಲಿ ನಾರು ಕಿತ್ತೆ. ತುಕ್ಕಿನ ಬಣ್ಣದ ಒಂದು ಹುಳು, ಮುಂದಕ್ಕೆ ಚಾಚಿದ ಉದ್ದ ಮೂತಿ. ತೆಗೆದು ಅಪ್ಪನ ಮುಂದೆ ಹಿಡಿದೆ.

"ಇದು ತಿಪ್ಪೇದಲ್ಲ ಕಣಪ್ಪಾ, ಕೆಂಪು ಮೂತಿದು. ನಿನ್ ಮಚ್ಚಿನ್ ಗಾಯದ ವಾಸ್ನೆಗೆ ಬಂದೈತೆ. ಕಡೀಬೇಕಂದ್ರೆ ಮೊದ್ಲು ಆ ಮಚ್ಚನ್ನ ಕಡಿ!"

ಅಪ್ಪನ ಮುಖ ಕೆಂಪಾಯಿತು. ನಾನು ಮರಕ್ಕೆ ಬೆನ್ನು ಕೊಟ್ಟು ನಿಂತೆ. ಆಗ ನಾನು ಅತ್ತುಬಿಟ್ಟೆ ಎನ್ನುತ್ತಾಳೆ ಅಕ್ಕ. ನಾನು ಅಳಲಿಲ್ಲ.

"ಬುಡಪ್ಪಾ, ಇವ್ಳಿಗೆ ಆ ಮರನೇ ಗಂಡ," ಎಂದು ಅಕ್ಕ ನಕ್ಕಳು. "ಅದ್ರ ಕೈಲೇ ತಾಳಿ ಕಟ್ಸು."

"ಮಧ್ಯಾಹ್ನದೊಳ್ಗೆ ಆ ಸದ್ದು ನಿಲ್ಲಿಸ್ತೀಯೇನೇ?" ಅಪ್ಪ ಕೊಡಲಿ ಕೆಳಗಿಟ್ಟ. "ಇಲ್ದಿದ್ರೆ ನೀನೂ ಅಡ್ಡ ಬರಂಗಿಲ್ಲ."

ಸೈಕಲ್ಲಿನ ಕಡ್ಡಿಯ ತುದಿ ಬಗ್ಗಿಸಿ, ಹುಳು ಕೊರೆದ ತೂತಿಗೆ ತೂರಿಸಿದೆ. ಬಿಳಿ ಮರಿಹುಳುಗಳು ಬಂದವು, ಕಾಲಿಲ್ಲದ ದಪ್ಪ ಮೈ, ಕಂದು ತಲೆ. ಪಕ್ಕದ ಮನೆಯ ಕೋಳಿಗಳು ಓಡಿ ಬಂದವು. ನಕ್ಕಿದ್ದ ಅಕ್ಕನೇ ಸೆರಗು ಸಿಕ್ಕಿಸಿ ಇನ್ನೊಂದು ಕಡ್ಡಿ ಹಿಡಿದಳು. ಬಿಸಿಲು ನೆತ್ತಿಗೆ ಬಂದಾಗ ಅಪ್ಪ ಬಂದು ಮಂಡಿಯೂರಿ ಕಿವಿಯಿಟ್ಟ. ತುಂಬಾ ಹೊತ್ತು ಇಟ್ಟ. ಕರಕರ ನಿಂತಿತ್ತು. ಎದ್ದು ಹೋಗಿ, ರಸ್ತೆ ಕೆಲಸದಲ್ಲಿ ಉಳಿದಿದ್ದ ಡಾಂಬರು ಕಾಯಿಸಿ ತಂದು ಗಾಯಗಳಿಗೆಲ್ಲ ತಾನೇ ಬಳಿದ. ಮುಂದೆ ಯಾವ ಮರದ ಹಸಿ ಗರಿ ಕಡಿದರೂ ಗಾಯ ಮರದ ಮೈಗೆ ತಾಗದಂತೆ ಒಂದು ತೋಳುದ್ದ ಮೋಟು ಬಿಟ್ಟೇ ಕಡಿದ. "ತಪ್ಪಾಯ್ತು" ಎಂದು ಮಾತ್ರ ಅನ್ನಲಿಲ್ಲ.

ಮರ ಉಳಿದದ್ದು ಅಪ್ಪ ಆಮೇಲೆ ತಿಪಟೂರಿನಿಂದ ತಂದು ಸುರಿದ ಔಷಧಿಯಿಂದ ಎಂದು ಅಕ್ಕ ಈಗಲೂ ವಾದಿಸುತ್ತಾಳೆ. ಇರಬಹುದು. ನನ್ನ ನೆನಪು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ, ಅದನ್ನು ಪೂರ್ತಿ ನಂಬಬೇಡಿ ಮಕ್ಕಳೇ.

ನೀವು ಹುಳುವಿನ ಪಟ ತೆಗೆದರೆ ಫೋನು ಅದರ ಹೆಸರು ಹೇಳುತ್ತದೆ. ಒಳ್ಳೆಯದೇ. ಆದರೆ ಮರದೊಳಗಿನ ಹುಳು ಪಟಕ್ಕೆ ಸಿಗುವುದಿಲ್ಲ, ಅದಕ್ಕೆ ಕಿವಿಯೇ ಬೇಕು. ತೆಂಗಿನ ಮರದ ಗಾಯ ಮುಚ್ಚುವುದಿಲ್ಲ, ಮೇಲಕ್ಕೆ ಏರುವುದೂ ಇಲ್ಲ. ಮರ ಮುಗಿಲಿಗೆ ಹೋಗಿದೆ. ಡಾಂಬರಿನ ಆ ಗುಳಿ ಇನ್ನೂ ನಿಮ್ಮ ಕಿವಿಯ ಎತ್ತರದಲ್ಲೇ ಇದೆ. ಹೋಗಿ, ಕಿವಿಯಿಡಿ. ಕರಕರ ಕೇಳಿಸಿದರೆ, ಕೊಡಲಿ ತಂದವರು ಯಾರೇ ಆಗಿರಲಿ, ನಾನೇ ಆಗಿರಲಿ, ಅಡ್ಡ ನಿಲ್ಲಿ.