ಬದುವಿನ ಮೇಲಿನ ಕೋಚುಗಳು

ಗೋಲಿನ ಅಡ್ಡಗಂಬ ಕಳಚಿ ಗೋಲ್‌ಕೀಪರನ ತಲೆಯ ಮೇಲೆ ಬೀಳಬಹುದಿತ್ತು. ಇದ್ದ ಎರಡು ಚೆಂಡುಗಳೂ ಒಂದೇ ಸಲ ಒಡೆಯಬಹುದಿತ್ತು. ಎದುರಾಳಿಗಳು ಹತ್ತಿದ ಪ್ಯಾಸೆಂಜರ್ ಗಾಡಿ ನಡುದಾರಿಯಲ್ಲಿ ನಿಂತುಬಿಡಬಹುದಿತ್ತು, ಅಥವಾ ಎಂದೂ ಇಲ್ಲದಂತೆ ವೇಳೆಗೆ ಸರಿಯಾಗಿ ಬಂದು ನಮ್ಮನ್ನು ಗಾಬರಿಗೊಳಿಸಬಹುದಿತ್ತು. ನಮ್ಮ ಸೆಂಟರ್ ಫಾರ್ವರ್ಡನ ಎಮ್ಮೆ ಅಂದೇ ಈಯಬಹುದಿತ್ತು. ಮಳೆ ಬರಬಹುದಿತ್ತು. ಮಳೆ ಬಾರದೆ ಜನ ಹೆಚ್ಚು ಸೇರಿ, ಚೇರ್ಮನ್ನರಿಗೆ ಖುರ್ಚಿ ಸಿಗದೆ ಹೋಗಬಹುದಿತ್ತು. ಪಂದ್ಯಕ್ಕೆ ವಾರ ಇರುವಾಗಲೇ ನಾನು ಇವೆಲ್ಲವನ್ನೂ ಒಂದೊಂದಾಗಿ ಯೋಚಿಸಿ, ಒಂದೊಂದಕ್ಕೂ ಬೇರೆಬೇರೆಯಾಗಿ ಬೆವರಿದ್ದೆ. ಇವುಗಳಲ್ಲಿ ಒಂದೂ ಆಗಲಿಲ್ಲ.

ಅದು ಎಂಬತ್ನಾಲ್ಕನೆಯ ಇಸವಿ. ನಾನು ಅಳ್ನಾವರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ, ಅದೂ ಹಂಗಾಮಿ. ಅದಕ್ಕೂ ಮೊದಲು ಸಂಶಿಯಲ್ಲಿ ಹಂಗಾಮಿ, ದೇವಿಕೊಪ್ಪದಲ್ಲಿ ಹಂಗಾಮಿ. ಈ ಊರಿಗೆ ಬಂದು ವರ್ಷವಾದರೂ ನನ್ನ ಹೆಂಡತಿ ದೊಡ್ಡ ಟ್ರಂಕನ್ನು ಬಿಚ್ಚಿರಲಿಲ್ಲ. ಮತ್ತೆ ಕಟ್ಟುವ ತ್ರಾಸು ಯಾಕೆ ಎಂಬುದು ಅವಳ ಲೆಕ್ಕ. ನಮ್ಮ ಶಾಲೆಯ ಚೇರ್ಮನ್ನರೇ ಊರ ಫುಟ್‌ಬಾಲ್ ತಂಡದ ಅಧ್ಯಕ್ಷರು. ನನ್ನನ್ನು ಕಾಯಂ ಮಾಡಿಕೊಳ್ಳಿ ಎಂದು ಕೇಳಲು ಹೋದಾಗ ಅವರು, ‘ಮೊದಲ ಈ ಸಲದ ಟೀಮ್ ತಯಾರ ಮಾಡ್ರಿ ಮಾಸ್ತರ, ಆಮ್ಯಾಲೆ ನಿಮ್ದು ನೋಡೂಣು’ ಅಂದರು. ಹೀಗೆ ನಾನು ಹೆಡ್ ಕೋಚ್ ಆದೆ. ಹೆಡ್ ಎಂದರೆ, ಬೇರೆ ಕೋಚ್ ಇರಲಿಲ್ಲ ಎಂದಷ್ಟೇ ಅರ್ಥ.

ರೈಲಿನ ಊರು, ಗೋವಾದ ದಾರಿ. ಹಾಗಾಗಿ ಅಳ್ನಾವರಕ್ಕೆ ಫುಟ್‌ಬಾಲಿನ ಹುಚ್ಚು ಹಳೆಯದು. ದಸರಾ ಮುಗಿದು ಮೈದಾನ ಒಣಗಿದ ಮೇಲೆ ಟೂರ್ನಮೆಂಟುಗಳು ಶುರುವಾಗುತ್ತಿದ್ದವು. ಶ್ರಾವಣ, ಭಾದ್ರಪದಗಳು ತಯಾರಿಯ ತಿಂಗಳು. ಇಂಗ್ಲಿಷಿನಲ್ಲಿ ಇದಕ್ಕೆ ಪ್ರಿ-ಸೀಸನ್ ಎನ್ನುತ್ತಾರೆ. ಟ್ರೇನಿಂಗ್ ಕಾಲೇಜಿನಲ್ಲಿ ನನಗೆ ಕಲಿಸಿದ ಪ್ರಕಾರ ಮೊದಲು ದಮ್ಮು ಬೆಳೆಯಬೇಕು, ಚೆಂಡು ಆಮೇಲೆ. ಆದ್ದರಿಂದ ಆರಂಭದಲ್ಲಿ ಆಟಗಾರರನ್ನು ಬರೇ ಓಡಿಸಿದೆ.

ಮೈದಾನಕ್ಕೂ ಪಕ್ಕದ ಹೊಲಕ್ಕೂ ನಡುವೆ ಒಂದು ಎತ್ತರದ ಬದು ಇತ್ತು. ಸಂಜೆಯಾದರೆ ಊರಿನ ಫುಟ್‌ಬಾಲ್ ಅಭಿಮಾನಿಗಳೆಲ್ಲ ಅಲ್ಲಿ ಸಾಲಾಗಿ ಕೂಡುತ್ತಿದ್ದರು. ಅವರು ಬಂದದ್ದು ಚೆಂಡು ನೋಡಲು. ಕಂಡದ್ದು ಸುತ್ತು ಹಾಕುವ ಹನ್ನೊಂದು ಜನ. ಇವೇನು ಕಳ್ಳರ ಬೆನ್ನು ಹತ್ತ್ಯಾವೇನು ಎಂದು ಕೇಳತೊಡಗಿದರು. ಅದರ ಮೇಲೆ ಸೋಮವಾರದ ಜಗಳ. ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಅಂದು ಎತ್ತು ಹೂಡುವುದಿಲ್ಲ. ತಂಡದಲ್ಲಿ ಅರ್ಧ ಜನ ಒಕ್ಕಲುತನದವರು. ಅಂದು ಬಿಡುವಾಗಿ ಸಿಗುತ್ತಾರೆಂದು ನಾನು ಸೋಮವಾರವೇ ಹೆಚ್ಚು ಓಡಿಸುತ್ತಿದ್ದೆ. ಎತ್ತಿಗೆ ಸೂಟಿ ಐತಿ, ಹುಡುಗ್ರಿಗೆ ಇಲ್ಲ ಎಂಬ ಮಾತು ಕಟಿಂಗ್ ಅಂಗಡಿಯಲ್ಲಿ ಹುಟ್ಟಿ, ಚಹಾದಂಗಡಿ ದಾಟಿ, ನನ್ನ ಮನೆಯ ಹಿತ್ತಲಿಗೂ ಬಂತು. ನಾನು ಕಾಯಿಪಲ್ಲೆ ತರಲು ಹೋದರೂ ಮುದುಕಿಯರು, ‘ಇವತ್ತ ಚೆಂಡು ಕೊಟ್ರ್ಯೋ ಇಲ್ಲೋ’ ಎಂದು ವಿಚಾರಿಸುತ್ತಿದ್ದರು.

ಚೆಂಡು ಕೊಟ್ಟ ಮೇಲೆ ನನ್ನ ಕಷ್ಟ ನಿಜವಾಗಿ ಶುರುವಾಯಿತು. ನಮ್ಮವರ ಹಳೆಯ ಪದ್ಧತಿ ಒಂದೇ: ಚೆಂಡು ಸಿಕ್ಕಿತೋ, ಶಕ್ತಿ ಇದ್ದಷ್ಟು ಮುಂದಕ್ಕೆ ಒದೆಯುವುದು. ಹಿಂದಿನಿಂದಲೇ ಒಬ್ಬರಿಗೊಬ್ಬರು ಪಾಸ್ ಕೊಡುತ್ತ ಮುಂದೆ ಹೋಗಬೇಕು ಎಂದು ನಾನು ಕಲಿಸಿದೆ. ಅದಕ್ಕೆ ಮುಖ್ಯವಾದವನು ಈರಪ್ಪ. ಗೋಲಿನ ಮುಂದೆ ನಿಂತು ತಡೆಯುವ ಬ್ಯಾಕ್. ಗಟ್ಟಿ ಆಳು, ಒಳ್ಳೆಯ ಕಾಲು. ಅಭ್ಯಾಸದಲ್ಲಿ ನಾನು ಹೇಳಿದಂತೆಯೇ ಆಡುತ್ತಿದ್ದ. ಪಂದ್ಯದಲ್ಲಿ ಮಾತ್ರ ಚೆಂಡು ಸಿಕ್ಕ ಕೂಡಲೇ ಕತ್ತೆತ್ತಿ ಬದುವಿನ ಕಡೆ ನೋಡುತ್ತಿದ್ದ. ಅಲ್ಲಿಂದ ಅವನ ಚಿಕ್ಕಪ್ಪ ಬಸಪ್ಪ ಕಾಕಾನ ದನಿ ಬರುತ್ತಿತ್ತು: ‘ಮುಂದ ಒದಿಯಲೇ ಈರ್ಯಾ!’ ಈರ್ಯಾ ಒದೆಯುತ್ತಿದ್ದ. ಚೆಂಡು ಹೋಗಿ ಎದುರಾಳಿಯ ಕಾಲಿಗೆ ಬೀಳುತ್ತಿತ್ತು.

ದಾಂಡೇಲಿಯವರೊಡನೆ ಆಡಿದ ಮೊದಲ ಅಭ್ಯಾಸ ಪಂದ್ಯದಲ್ಲಿ ಐದು ಗೋಲಿನಿಂದ ಸೋತೆವು. ಎರಡನೆಯದರಲ್ಲಿ ಮೂರರಿಂದ. ಸುಧಾರಣೆ ಕಾಣುತ್ತಿದೆ ಎಂದು ನಾನು ಅಂದದ್ದು ಯಾರಿಗೂ ಸೇರಲಿಲ್ಲ. ಬದುವಿನ ಮೇಲಿನವರು ಗುಂಪು ಕಟ್ಟಿಕೊಂಡು ಚೇರ್ಮನ್ನರ ಮನೆಗೆ ಹೋಗಿ, ಈ ಮಾಸ್ತರನ್ನು ತೆಗೀರಿ ಎಂದರು. ಮೂರನೆಯ ಪಂದ್ಯ ನೋಡಿ ತೀರ್ಮಾನಿಸುತ್ತೇನೆ ಎಂದರಂತೆ ಅವರು. ತೆಗೆಯುವುದು ಕೋಚಿನ ಪದವಿಯಿಂದಲೋ ಶಾಲೆಯಿಂದಲೋ ಎಂದು ಸ್ಪಷ್ಟ ಮಾಡಿಕೊಳ್ಳುವ ಧೈರ್ಯ ನನಗಾಗಲಿಲ್ಲ. ಹೆಂಡತಿ ಟ್ರಂಕಿನ ಕೀಲಿಗೆ ಎಣ್ಣೆ ಬಿಟ್ಟಳು.

ನಾನು ಈರಪ್ಪನನ್ನು ಬಾಜೂಕ ಕರೆದು, ಕೋಚ್ ನಾನೋ ನಿಮ್ಮ ಕಾಕಾನೋ ಎಂದು ಕೇಳಿದೆ.

‘ನೀವ ರೀ ಸರ್,’ ಅಂದ. ‘ನೀವು ಹೇಳೂದು ಖರೇನೂ ಐತ್ರಿ. ಆದ್ರ ನನ್ನ ಕಡೆ ಇರೂದು ಒಂಟೆತ್ತು. ಜೋಡಿಗೆ ಕಾಕಾನ ಎತ್ತು ತರಬೇಕು. ಎಲ್ಲಾರ ಮುಂದ ಅವನ ಮಾತು ಬಿಟ್ಟು ಆಡಿದ್ರ, ನಾಳೆ ಯಾವ ಮುಖ ಇಟ್ಕೊಂಡು ಹಗ್ಗ ಬಿಚ್ಚಲಿ ಹೇಳ್ರಿ?’

ವಿಚಾರಿಸಿದರೆ ತಂಡದಲ್ಲಿ ಹೆಚ್ಚಿನವರದು ಇದೇ ಪರಿಸ್ಥಿತಿ. ಒಬ್ಬನಿಗೆ ಬದುವಿನ ಮೇಲೆ ಮಾವ, ಒಬ್ಬನಿಗೆ ದೊಡ್ಡಪ್ಪ, ಮತ್ತೊಬ್ಬನಿಗೆ ನಾಳೆ ಮಾವನಾಗಬಹುದಾದವನು. ಟ್ರೇನಿಂಗ್ ಕಾಲೇಜಿನ ಪಾಠದಲ್ಲಿ ಇದು ಬಂದಿರಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ಬಸಪ್ಪ ಕಾಕಾನ ಮನೆಗೆ ಹೋದೆ. ಎತ್ತಿನ ಮೈ ತೊಳೆಯುತ್ತಿದ್ದ. ಬರ್ರಿ ಅಂದ, ಕೈ ನಿಲ್ಲಿಸಲಿಲ್ಲ. ನಾನು ರಾತ್ರಿಯೆಲ್ಲ ಕಟ್ಟಿಕೊಂಡ ಮಾತನ್ನು ಹೇಳಿದೆ: ‘ಕಾಕಾ, ನೀವು ಹೊಲದಾಗ ಎತ್ತು ಹೂಡಿ ಕುಂಟಿ ಹೊಡಿಯೂವಾಗ ಬದುವಿನ ಮ್ಯಾಲೆ ಕುಂತು ನಾಕ ಮಂದಿ ಎಡಕ್ಕ ಬಲಕ್ಕ ಅಂತ ಒದರಿದ್ರ ಸಾಲು ನೆಟ್ಟಗ ಬರತೈತೇನ್ರಿ?’

‘ಯಾಕ ಬರೂದಿಲ್ಲ? ಎತ್ತು ಒದರಿದವ್ರ ಮಾತು ಕೇಳೂದಿಲ್ರಿ. ಹಗ್ಗ ಹಿಡಿದಾಂವಂದು ಕೇಳತಾವು.’

‘ಈರಪ್ಪ ಕೇಳತಾನಲ್ರಿ.’

ಕಾಕಾ ಆಗ ಕೈ ನಿಲ್ಲಿಸಿದ. ನಕ್ಕನೋ, ಸಿಟ್ಟಾದನೋ ಮೀಸೆಯ ಹಿಂದೆ ತಿಳಿಯಲಿಲ್ಲ. ‘ಒಂದ ಮ್ಯಾಚ್ ಬಾಯಿ ಮುಚ್ಚಿ ಕುಂದರ್ತೀವಿ,’ ಅಂದ. ‘ಸೋತ್ರ ಮಾತ್ರ, ಮಾಸ್ತರ, ಚೇರ್ಮನ್ನರ ಮನಿಗೆ ಮೊದಲ ಹೋಗಾಂವ ನಾನ.’

ಮೂರನೆಯ ಪಂದ್ಯ ಲೋಂಡಾದಿಂದ ಬಂದ ಹುಡುಗರ ವಿರುದ್ಧ. ಕಾಕಾ ಮಾತಿಗೆ ತಪ್ಪುವವನಲ್ಲ. ಬರೇ ಹೇಳಿದರೆ ಜನ ಸುಮ್ಮನಿರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಎಲೆ, ಅಡಿಕೆ, ತಂಬಾಕು ತಂದು ಬದುವಿನ ಉದ್ದಕ್ಕೂ ಹಂಚಿದ. ಆಟ ಮುಗಿಯುವವರೆಗೆ ಉಗುಳಬಾರದು ಎಂದು ಕಟ್ಟು ಮಾಡಿದ. ಗಲ್ಲ ಉಬ್ಬಿಸಿಕೊಂಡು ಕೂತ ಅಷ್ಟು ಜನರ ಸಾಲು ಗಂಭೀರವಾಗಿತ್ತು. ಚೇರ್ಮನ್ನರಿಗೆ ಖುರ್ಚಿ ಸಿಕ್ಕಿತು. ಅಡ್ಡಗಂಬ ಅಲುಗಲಿಲ್ಲ.

ಮೊದಲು ಈರಪ್ಪ ರೂಢಿಯಂತೆ ಬದುವಿನ ಕಡೆ ನೋಡಿದ. ಅಲ್ಲಿಂದ ಏನೂ ಬರದಿದ್ದಾಗ ಬೇರೆ ದಾರಿ ಕಾಣದೆ ಪಕ್ಕದವನಿಗೆ ಪಾಸ್ ಕೊಟ್ಟ. ಅವನು ಮತ್ತೊಬ್ಬನಿಗೆ ಕೊಟ್ಟ. ಅರ್ಧ ಆಟದ ಹೊತ್ತಿಗೆ ಊರು ಎಂದೂ ನೋಡದ ರೀತಿಯಲ್ಲಿ, ನೆಲ ಬಿಡದ ಚೆಂಡಿನಿಂದ ಒಂದು ಗೋಲಾಯಿತು. ಬದುವಿನ ಮೇಲೆ ಚಪ್ಪಾಳೆ ಬಿತ್ತೇ ಹೊರತು ಬಾಯಿ ತೆರೆಯಲಿಲ್ಲ. ಚೇರ್ಮನ್ನರು ನನ್ನ ಕಡೆ ತಿರುಗಿ ತಲೆದೂಗಿದರು. ನಾನು ಕೂಡಲೇ ಮುಂದಿನ ಚಿಂತೆಗೆ ಹೊರಳಿ, ಮೋಡ ನೋಡತೊಡಗಿದೆ.

ಆಟ ಮುಗಿಯಲು ಬಂದಿತ್ತು. ಚೆಂಡು ನಮ್ಮ ಗೋಲಿನ ಹತ್ತಿರವೇ ಗೆರೆ ದಾಟಿತು. ಥ್ರೋ-ಇನ್, ಅಂದರೆ ಹೊರಹೋದ ಚೆಂಡನ್ನು ಕೈಯಿಂದ ಒಳಗೆಸೆಯುವ ಸರದಿ, ನಮ್ಮದು. ಈರಪ್ಪ ಚೆಂಡನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತ. ಥ್ರೋ ಯಾರಿಗೆ ಕೊಡಬೇಕು ಎಂದು ನಾನು ಕಲಿಸಿರಲಿಲ್ಲ. ಆ ಕೆಲಸವನ್ನು ಯಾವಾಗಲೂ ಬದು ಮಾಡುತ್ತಿತ್ತು. ಅವನು ಕಾಕಾನನ್ನು ನೋಡಿದ. ಕಾಕಾ ಉಬ್ಬಿದ ಗಲ್ಲದೊಂದಿಗೆ ನನ್ನನ್ನು ನೋಡಿದ. ಈರಪ್ಪನೂ ನನ್ನನ್ನು ನೋಡಿದ. ಎರಡು ತಿಂಗಳು ಆ ಗದ್ದಲದಲ್ಲಿ ನನ್ನ ದನಿ ಕೇಳಿಸಲಿ ಎಂದು ಒದ್ದಾಡಿದವನು ನಾನು. ಈಗ ಇಡೀ ಮೈದಾನ ನನ್ನ ಒಂದು ಮಾತಿಗಾಗಿ ಸುಮ್ಮನಿತ್ತು, ನನ್ನ ಬಾಯಿಂದ ಏನೂ ಹೊರಡಲಿಲ್ಲ.

ಲೋಂಡಾದ ಒಬ್ಬ ಹುಡುಗ ಮಾತ್ರ ಕೈಯೆತ್ತಿ, ಬಹಳ ಮರ್ಯಾದೆಯಿಂದ, ‘ಅಣ್ಣಾ, ಇತ್ಲಾಗ ಒಗೀರಿ’ ಅಂದ.

ಈರಪ್ಪ ಒಗೆದ. ಗೋಲಾಯಿತು. ಪಂದ್ಯ ಸಮವಾಯಿತು.

ಸೋಲಲಿಲ್ಲವಲ್ಲ ಎಂದು ಚೇರ್ಮನ್ನರು ಸಮಾಧಾನಪಟ್ಟರು. ದೀಪಾವಳಿಯ ಹೊತ್ತಿಗೆ ನನ್ನ ಕಾಯಂ ಆದೇಶ ಬಂತು. ಜನರ ಬಾಯಿ ಮುಚ್ಚಿಸಿದರೆ ಕೋಚಿನ ಕೆಲಸ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ ಎಂಬುದನ್ನು ಆ ನೌಕರಿಯ ಉಳಿದ ವರ್ಷಗಳಲ್ಲಿ ನಾನು ಮರೆಯಲಿಲ್ಲ. ಆದರೆ ಅಂದು ನನಗೆ ಇಷ್ಟು ವಿವೇಕ ಎಲ್ಲಿತ್ತು? ಸೀಟಿ ಊದಿದ ಕೂಡಲೇ ಈರಪ್ಪನ ಹತ್ತಿರ ಓಡಿ, ಅವರ ಕೈಗೆ ಯಾಕೆ ಕೊಟ್ಟೆಯೋ ಎಂದು ಕೂಗಾಡಿದೆ.

ಅವನು ಬೆವರು ಒರೆಸಿಕೊಂಡು, ‘ಎಲ್ಲಿ ಒಗೀಬೇಕಂತ ಹೇಳಿದಾಂವ ಅವನೊಬ್ಬನ ರೀ ಸರ್,’ ಅಂದ.