ಪುಟದ ಕೆಳಗಿದ್ದ ನನ್ನ ನಂಬರು

ಮಧ್ಯಾಹ್ನ ಡಬ್ಬಿ ತೆಗೆಯುವ ಹೊತ್ತಿಗೆ ಸರಿಯಾಗಿ ಮುಂಡರಗಿಯಿಂದ ಫೋನು ಬರುತ್ತಿತ್ತು. ಅಲ್ಲಿನ ನಮ್ಮ ಕೇಂದ್ರ ನೋಡಿಕೊಳ್ಳುತ್ತಿದ್ದವರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಧ್ವನಿ ಮಾತ್ರ ಫೋನೇ ಬೇಡ ಎನ್ನುವಷ್ಟು ದೊಡ್ಡದು. "ಅಕ್ಕಾರ, ಊಟ ಆತ್ರಿ?" ಎಂದೇ ಶುರು. ಆಗಿರಲಿ ಬಿಡಲಿ, "ಆತ್ರಿ, ನಿಮ್ದು?" ಎನ್ನುವುದು ನನ್ನ ರೂಢಿ. ಒಮ್ಮೆ ಮಾತ್ರ, ಆತು ಅಂತೀರಿ, ಡಬ್ಬಿ ಮುಚ್ಚಳದ ಸಪ್ಪಳ ಇಲ್ಲಿತನಕ ಕೇಳಸ್ತೈತಿ ಎಂದು ಹಿಡಿದುಬಿಟ್ಟರು. ಆಮೇಲೆ ಕಪ್ಪತಗುಡ್ಡದ ಮೇಲೆ ಮೋಡ ಕಟ್ಟಿದೆಯೋ ಇಲ್ಲವೋ, ಗದಗಿನ ಬಸ್ಸು ಎಲ್ಲಿ ಕೆಟ್ಟು ನಿಂತಿತು, ಇವೆಲ್ಲ ಮುಗಿದ ಮೇಲೆ ವಿಷಯ. ವಿಷಯ ಹೆಚ್ಚುಕಡಿಮೆ ಒಂದೇ. ರೈತರ ಹೊಲದ ಮಣ್ಣನ್ನು ಪರೀಕ್ಷೆಗೆ ಕಳಿಸುವುದು ಹೇಗೆ, ಚೀಲದ ಮೇಲೆ ಏನು ಬರೆಯಬೇಕು. ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತೇ ಹೊರತು ಅವರ ತಲೆಗೆ ಹೋಗುತ್ತಿರಲಿಲ್ಲ. ಎಷ್ಟು ಸಲ ಹೇಳಬೇಕು ನಿಮಗೆ ಎಂದು ಬೈದರೆ ನಕ್ಕುಬಿಡುತ್ತಿದ್ದರು.

ಅವರೊಬ್ಬರೇ ಅಲ್ಲ. ಲಕ್ಷ್ಮೇಶ್ವರದವರು, ಶಿರಹಟ್ಟಿಯವರು, ಎಲ್ಲರಿಗೂ ನಾನೇ ಬೇಕು. ಧಾರವಾಡದಿಂದ ಬೇರೆಯಾಗಿ ಗದಗ ಹೊಸ ಜಿಲ್ಲೆಯಾದ ಹೊತ್ತಿನಲ್ಲಿ ಹುಟ್ಟಿದ ಸಂಸ್ಥೆ ನಮ್ಮದು. ರೈತರಿಗೆ ಮಣ್ಣು ಪರೀಕ್ಷೆ, ಬೀಜ, ಬಾಡಿಗೆಗೆ ಯಂತ್ರ ಒದಗಿಸುವ ಕೆಲಸ. ಶುರುವಿನಿಂದ ಇದ್ದವರಲ್ಲಿ ಉಳಿದವಳು ನಾನೊಬ್ಬಳೇ. ಹಾಗಾಗಿ ಯಾವ ನಿಯಮ ಎಲ್ಲಿದೆ, ಯಾವ ಕಾಗದ ಯಾರ ಹತ್ತಿರ ಹೋಗಬೇಕು, ಎಲ್ಲವೂ ನನ್ನ ಬಾಯಲ್ಲಿ. ಬೆಳಗಿನಿಂದ ಸಂಜೆಯವರೆಗೆ ಗದಗಿನ ಕಚೇರಿಯಲ್ಲಿ ಕೂತು ಉತ್ತರ ಹೇಳುವುದೇ ಆಗಿತ್ತು. ಜೀವ ತಿನ್ನುತ್ತಾರೆ ಎಂದು ಕಂಡವರ ಮುಂದೆಲ್ಲ ಗೊಣಗುತ್ತಿದ್ದೆ.

ಮನೆ ಬೆಟಗೇರಿಯಲ್ಲಿ. ಮನೆಯ ಮಾತು ಉರ್ದು. ಅಮ್ಮಿ ತೀರಿಕೊಂಡ ಮೇಲೆ ಆ ಮಾತನ್ನು ಆಡಲು ಮನೆಯಲ್ಲಿ ಜನವೇ ಇರಲಿಲ್ಲ. ನನಗೆ ಮದುವೆಯಾಗಲಿಲ್ಲ. ತಮ್ಮ ಸಂಸಾರ ಕಟ್ಟಿಕೊಂಡು ಸೊಲ್ಲಾಪುರದಲ್ಲಿದ್ದ, ಹಬ್ಬಕ್ಕೊಂದು ಫೋನು ಮಾಡುತ್ತಿದ್ದ. ಸಂಜೆ ಬೀಗ ತೆಗೆದು ಒಳಗೆ ಹೋದರೆ ಬೆಳಿಗ್ಗೆ ಬೀಗ ಹಾಕುವವರೆಗೆ ಬಾಯಿ ಬಿಡಲು ಕಾರಣ ಸಿಗುತ್ತಿರಲಿಲ್ಲ. ಹಾಲಿನವನ ಹತ್ತಿರ ಎಷ್ಟು ಮಾತಾಡಲಾದೀತು? ಊಟ ಆಯಿತೇ ಎಂದು ನನ್ನನ್ನು ಕೇಳುವವರು ಯಾರಾದರೂ ಇದ್ದರೆ ಅದು ಈ ಫೋನಿನ ಮಂದಿ. ಆದರೆ ಆಗ ಯಾರಾದರೂ ಹಾಗೆ ಹೇಳಿದ್ದರೆ ನಾನು ಅವರ ಮೇಲೇ ಹರಿಹಾಯುತ್ತಿದ್ದೆ.

ಸಿಬ್ಬಂದಿಗೆಂದೇ ಒಂದು ವೆಬ್‌ಸೈಟ್ ಇರಲಿಲ್ಲವೇ ಎಂದರೆ, ಇತ್ತು. ಎಲ್ಲ ಮಾಹಿತಿಯನ್ನೂ ಅದರಲ್ಲಿ ತುಂಬಿಟ್ಟಿದ್ದರು. ತುಂಬಿದವರು ನಿಘಂಟು ಮುಂದಿಟ್ಟುಕೊಂಡು ಕೂತಿದ್ದರೇನೋ. ಮಣ್ಣು ಕಳಿಸುವ ಪುಟದ ಹೆಸರು 'ಮೃತ್ತಿಕಾ ಮಾದರಿ ಸಂಗ್ರಹಣಾ ವಿಧಾನ'. ಇದನ್ನು ಹುಡುಕುವವರು ಯಾರು, ಹೇಳಿ. ಪ್ರತಿ ಪುಟದ ಕೆಳಗೆ 'ಹೆಚ್ಚಿನ ಮಾಹಿತಿಗೆ' ಎಂದು ನನ್ನ ಮೊಬೈಲ್ ನಂಬರ್ ಹಾಕಿದ್ದರು. ಇಡೀ ಸೈಟಿನಲ್ಲಿ ಜನ ಬಳಸುತ್ತಿದ್ದದ್ದು ಅದೊಂದನ್ನೇ.

ಕೊನೆಗೆ ಸೈಟನ್ನು ಹೊಸದಾಗಿ ಮಾಡಿಸಬೇಕೆಂದು ಮೇಲಿನವರು ಠರಾಯಿಸಿ, ಧಾರವಾಡದಿಂದ ಒಬ್ಬ ಹುಡುಗಿಯನ್ನು ಕರೆಸಿದರು. ಚುರುಕಿನ ಹುಡುಗಿ. ಜನ ಹೇಗೆ ಹುಡುಕುತ್ತಾರೆ ಎಂದು ಮೊದಲು ಕೂತು ನೋಡಬೇಕು, ಅವರು ಎಷ್ಟೇ ಪರದಾಡಿದರೂ ನೀವು ಬಾಯಿ ಬಿಡಬಾರದು ಎಂದು ನನಗೆ ತಾಕೀತು ಮಾಡಿದಳು. ಬಾಯಿ ಬಿಡದೆ ಕೂರುವುದು ನನಗೆಲ್ಲಿ ಸಾಧ್ಯ? ಆದರೂ ಒಪ್ಪಿ ಅವಳ ಜೊತೆ ಮುಂಡರಗಿ ಬಸ್ಸು ಹತ್ತಿದೆ.

ಆ ದೊಡ್ಡ ಧ್ವನಿಯವರು ಕಂಪ್ಯೂಟರ್ ಮುಂದೆ ಪರೀಕ್ಷೆಗೆ ಕೂತ ಹಾಗೆ ಕೂತರು. ಅವರ ಬೆನ್ನ ಹಿಂದೆ ನಾವಿಬ್ಬರು. ಒಬ್ಬ ರೈತ ಮಣ್ಣು ತಂದಿದ್ದಾನೆ, ಮುಂದೇನು ಮಾಡಬೇಕೆಂದು ಸೈಟಿನಲ್ಲಿ ಹುಡುಕಿ ಎಂದಳು ಹುಡುಗಿ. ಅವರು 'ಮಣ್ಣ ಕಳಸೂದು' ಎಂದು ಟೈಪ್ ಮಾಡಿದರು. ಏನೂ ಬರಲಿಲ್ಲ. 'ಮಣ್ಣು' ಎಂದಷ್ಟೇ ಹಾಕಿದರು. ನಮ್ಮ ಯಾವುದೋ ಕಾರ್ಯಕ್ರಮದಲ್ಲಿ ಹಾರ ಹಾಕಿಕೊಂಡು ನಿಂತವರ ಫೋಟೋಗಳು ಬಂದವು. ಸ್ವಲ್ಪ ಹೊತ್ತು ಫೋಟೋ ನೋಡಿದರು, ಬೆವರು ಒರೆಸಿಕೊಂಡರು, ಪುಟದ ಕೆಳತನಕ ಹೋದರು, ಮೊಬೈಲ್ ತೆಗೆದರು. ನನ್ನ ಬ್ಯಾಗಿನೊಳಗೆ ಫೋನು ಬಡಿದುಕೊಳ್ಳತೊಡಗಿತು. ಎತ್ತಬೇಡಿ ಎಂದು ಹುಡುಗಿ ಕಣ್ಣಿನಲ್ಲೇ ಹೆದರಿಸಿದಳು. ಅವರು ಹಿಂತಿರುಗದೆ, ಗೋಡೆ ನೋಡುತ್ತ ಹೇಳಿದರು.

"ಅಕ್ಕಾರ ಫೋನ್ ಎತ್ತವಲ್ರು."

ನಕ್ಕೂ ನಕ್ಕೂ ಮೂವರ ಕಣ್ಣಲ್ಲೂ ನೀರು ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿ ಒಂದು ಒಳ್ಳೆಯ ಮಾತು ಹೇಳಿದಳು. ಜನ ಏನು ಕೇಳುತ್ತಾರೆ, ಯಾವ ಮಾತಿನಲ್ಲಿ ಕೇಳುತ್ತಾರೆ ಎಂಬುದು ನಿಮ್ಮ ಕಿವಿಯಲ್ಲಿದೆ, ಪುಟಗಳಿಗೆ ಅದೇ ಹೆಸರಿಡೋಣ ಎಂದಳು. ಮರುದಿನದಿಂದ ಅದೇ ಕೆಲಸ. ನಾನು ಒಬ್ಬೊಬ್ಬರ ಧ್ವನಿ ತೆಗೆದು ಅವರ ಪ್ರಶ್ನೆಯನ್ನೂ ಅದಕ್ಕೆ ನಾನು ಕೊಡುವ ಉತ್ತರವನ್ನೂ ಹೇಳುವುದು, ಅವಳು ನಗುತ್ತ ಟೈಪ್ ಮಾಡುವುದು. ಲಕ್ಷ್ಮೇಶ್ವರದವರ ಗಡಿಬಿಡಿಯಲ್ಲಿ 'ಯಂತ್ರ ಕೆಟ್ರ ಯಾರಿಗೆ ಹೇಳೂದು?', ಶಿರಹಟ್ಟಿಯವರ ರಾಗದಲ್ಲಿ 'ರಜಾ ಬೇಕಂದ್ರ ಏನ ಮಾಡ್ಬೇಕು?', ಮುಂಡರಗಿಯ ಗಂಟಲಿನಲ್ಲಿ 'ಮಣ್ಣ ಕಳಸೂದು ಹೆಂಗ್ರಿ?'. ಮಣ್ಣು ಎಂದು ಹುಡುಕಿದರೂ ಮಣ್ಣ ಎಂದು ಹುಡುಕಿದರೂ ಒಂದೇ ಪುಟ ಸಿಗುವಂತೆ ಮಾಡಿದಳು. ಆ ದಿನಗಳಲ್ಲಿ ಎಷ್ಟು ಮಾತಾಡುತ್ತಿದ್ದೆನೆಂದರೆ, ಸಂಜೆ ಬೆಟಗೇರಿಗೆ ಹೋದಾಗ ಗಂಟಲು ಕೆರೆಯುತ್ತಿತ್ತು. ಮನೆ ಸುಮ್ಮನಿದ್ದರೂ ಆಗ ಏನೂ ಅನ್ನಿಸುತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಪುಟದ ಕೆಳಗಿನ ನನ್ನ ನಂಬರಿನ ಮಾತು ಬಂತು.

"ಇದು ಇದ್ರ ಯಾರೂ ಪುಟ ಓದಂಗಿಲ್ರಿ, ಸೀದಾ ನಿಮಗ ಹಚ್ತಾರ. ತೆಗೀಲೇನ್ರಿ?" ಎಂದಳು.

ತೆಗಿ, ಪೀಡೆ ಹೋಗಲಿ ಎಂದೆ. ಅವಳು ಒಂದು ಗುಂಡಿ ಒತ್ತಿದಳು, ಅಷ್ಟೂ ಪುಟಗಳಿಂದ ನಾನು ಹೋದೆ. ಜನರಿಗೆ ರೂಢಿಯಾಗುವವರೆಗೆ ಯಾರೇ ಫೋನ್ ಮಾಡಿದರೂ ಉತ್ತರ ಕೊಡಬೇಡಿ, ಸೈಟ್ ನೋಡಲು ಹೇಳಿ ಎಂದು ಕಲಿಸಿಕೊಟ್ಟು ಅವಳು ಧಾರವಾಡಕ್ಕೆ ಹೋದಳು.

ನಾನೋ, ಹಿಡಿದ ಕೆಲಸ ಬಿಡುವವಳಲ್ಲ. "ಅದು ಸೈಟ್‌ನ್ಯಾಗ ಐತ್ರಿ, ನೋಡ್ರಿ" ಎಂಬ ಒಂದೇ ಮಾತನ್ನು ಎಲ್ಲರಿಗೂ ಹೇಳಿದೆ. ಮುಂಡರಗಿಯವರಿಗಂತೂ ಅವರು ಊಟದ ಮಾತು ಮುಗಿಸುವ ಮೊದಲೇ ಹೇಳುತ್ತಿದ್ದೆ. ಅವರೂ ನೋಡಿದರು, ಸಿಕ್ಕಿತು. ಮತ್ತೆ ನೋಡಿದರು, ಮತ್ತೆ ಸಿಕ್ಕಿತು. ಫೋನುಗಳು ಕಡಿಮೆಯಾದವು. ಸಭೆಯಲ್ಲಿ ನನಗೆ ಚಪ್ಪಾಳೆ ತಟ್ಟಿದರು, ನಾನೂ ಉಬ್ಬಿದೆ.

ಆಮೇಲೆ ಫೋನು ನಿಂತೇ ಹೋಯಿತು. ಒಂದು ದಿನ ಪೂರ್ತಿ ಅದು ಬಾಯಿ ಬಿಡದಿದ್ದಾಗ, ಕೆಟ್ಟಿದೆಯೇನೋ ಎಂದು ಪಕ್ಕದ ಮೇಜಿನವರ ಫೋನಿನಿಂದ ನನಗೆ ನಾನೇ ಕರೆ ಮಾಡಿ ನೋಡಿದೆ. ಚೆನ್ನಾಗಿಯೇ ಬಡಿದುಕೊಂಡಿತು. ಅಲ್ಲೇ ಅಳು ಬಂತು. ಕಣ್ಣಿಗೆ ಧೂಳು ಬಿತ್ತು ಎಂದು ಎದ್ದು ಹೋಗಿ ಮುಖ ತೊಳೆದುಕೊಂಡೆ. ಮೊದಲು ಮನೆಯೊಂದೇ ಸುಮ್ಮನಿತ್ತು, ಈಗ ಕಚೇರಿಯೂ ಹಾಗೇ ಆಗಿತ್ತು.

ಒಂದು ಮಧ್ಯಾಹ್ನ ಡಬ್ಬಿ ಮುಂದಿಟ್ಟುಕೊಂಡು ಕೂತವಳು ತಡೆಯಲಾರದೆ ಮುಂಡರಗಿಗೆ ನಾನೇ ಫೋನು ಮಾಡಿದೆ. ಸುಮ್ಮನೆ ಮಾಡಿದೆ ಎನ್ನಲು ನಾಚಿಕೆ. ಏನಾದರೊಂದು ಕೇಳಬೇಕಲ್ಲ, ಮಣ್ಣಿನ ಚೀಲದ ಮೇಲೆ ಹೊಲದ ಸರ್ವೆ ನಂಬರ್ ಬರೆಯುವುದು ಬೇಕೇ ಬೇಕೇನು ಎಂದು ಕೇಳಿದೆ. ಅವರ ಸುತ್ತ ರೈತರ ಗದ್ದಲ ಕೇಳಿಸುತ್ತಿತ್ತು. ಅವರು ನಗುವೂ ಇಲ್ಲದೆ, ಬೇಸರವೂ ಇಲ್ಲದೆ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

"ಅಕ್ಕಾರ, ಅದು ಸೈಟ್‌ನ್ಯಾಗ ಐತ್ರಿ, ನೋಡ್ರಿ. ತಡೀರಿ, ಲಿಂಕ್ ಕಳಸ್ತೀನಿ."

ಫೋನು ಇಟ್ಟರು. ಲಿಂಕ್ ಬಂತು. ಒತ್ತಿದ ಕೂಡಲೇ ಪುಟ ತೆರೆದುಕೊಂಡಿತು, ಮೇಲೆ ದಪ್ಪ ಅಕ್ಷರದಲ್ಲಿ 'ಮಣ್ಣ ಕಳಸೂದು ಹೆಂಗ್ರಿ?'. ನಾನು ಕೇಳಿದ್ದಕ್ಕೆ ಸರಿಯಾದ ಉತ್ತರ ಅಲ್ಲೇ ಇತ್ತು, ನನ್ನದೇ ಮಾತಿನಲ್ಲಿ. ಪುಟದ ಕೆಳತನಕ ಹೋಗಿ ನೋಡಿದೆ, ಅಲ್ಲಿ ಏನೂ ಇರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದೆ. ನನ್ನ ಊಟ ಇನ್ನೂ ಆಗಿರಲಿಲ್ಲ.