ಹೊಗೆಯಿಲ್ಲದ ಕೆಂಡ

ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಒಂದು ಕಬ್ಬಿಣದ ಅಗ್ಗಿಷ್ಟಿಕೆ ಇದೆ. ಅದಕ್ಕೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಿದ್ದೇನೆ. ನಾನು ನೀರು ಹಾಕಿದರೆ ಪ್ಲಾಸ್ಟಿಕ್ ಹೂವೂ ಬಾಡುತ್ತದೆ ಎಂದು ಮನೆಯಲ್ಲಿ ಆಡಿಕೊಳ್ಳುತ್ತಾರೆ. ದೊಡ್ಡಪತ್ರೆ ಮಾತ್ರ ನನ್ನನ್ನು ಹೇಗೋ ಸಹಿಸಿಕೊಂಡಿದೆ. ಮೊನ್ನೆ ಎದುರು ಫ್ಲ್ಯಾಟಿನ ಸಾವಿತ್ರಮ್ಮ ಕರಿಬೇವು ಕೇಳಲು ಬಂದವರು ಬಾಲ್ಕನಿಯತ್ತ ಬಗ್ಗಿ ನೋಡಿ, ಬಂದ ಕೆಲಸವನ್ನೇ ಮರೆತರು.

"ಇದು ಅಗ್ಗಿಷ್ಟಿಕೆ ಅಲ್ವೇನ್ರೀ? ಒಂದ್ ತಿಂಗ್ಳು ಕೊಟ್ಟಿರ್ತೀರಾ? ಮಗಳು ಬಾಣಂತನಕ್ಕೆ ಬಂದವಳೆ. ಈ ಚಳಿಗೆ ರೂಮು ಐಸ್ ಆಗ್ಬಿಟ್ಟೈತೆ. ಗಿಡಾನ ಬೇರೆ ಕುಂಡಕ್ಕೆ ನಾನೇ ಹಾಕ್ಕೊಡ್ತೀನಿ."

ಸಂಜೆ ಹೇಳುತ್ತೇನೆ ಎಂದೆ. ಅವರು ಹೋದ ಮೇಲೆ ಒಲೆಯ ಮೇಲಿದ್ದ ಸಾರು ಉಕ್ಕಿ ಹರಿಯುತ್ತಿದ್ದರೂ ಏಳದೆ ಕುರ್ಚಿಯಲ್ಲಿ ಕುಳಿತೇ ಇದ್ದೆ.

ಆ ಅಗ್ಗಿಷ್ಟಿಕೆ ನಮ್ಮತ್ತೆಯದು. ಅತ್ತೆ ಎಂದರೆ ಅಪ್ಪನ ಅಕ್ಕ, ಜಕ್ಕೂರಿನ ಹಳೆಯ ಊರೊಳಗೆ ನಮ್ಮ ಜೊತೆಯಲ್ಲೇ ಇದ್ದವಳು. ಈಗ ಜಕ್ಕೂರು ಎಂದರೆ ನಿಮ್ಮ ಕಣ್ಣಿಗೆ ಬರುವುದು ಅಪಾರ್ಟ್‌ಮೆಂಟುಗಳ ಸಾಲು, ಕೆರೆ, ತಲೆಯ ಮೇಲೆ ಗಿರಕಿ ಹೊಡೆಯುವ ಪುಟ್ಟ ವಿಮಾನಗಳು. ವಿಮಾನ ಆಗಲೂ ಇತ್ತು. ಅದರ ಕೆಳಗೆ ರಾಗಿ ಹೊಲವಿತ್ತು, ನಾಡಹೆಂಚಿನ ನಮ್ಮ ಮನೆ ಇತ್ತು. ಹೆಂಚಿನ ಸಂದಿಯಲ್ಲಿ ಬಿಸಿಲು ಕೋಲು ಕೋಲಾಗಿ ಬೀಳುತ್ತಿತ್ತು. ಧನುರ್ಮಾಸ ಬಂತೆಂದರೆ ಕೆರೆಯ ಮಂಜು ಅದೇ ಸಂದಿಗಳಿಂದ ಇಳಿದು ಹಾಸಿಗೆಯನ್ನೆಲ್ಲ ತಣ್ಣಗೆ ಮಾಡುತ್ತಿತ್ತು.

ಅತ್ತೆಯ ಕೈಯಲ್ಲಿ ಆಗದ ಬಾಣಂತನವೇ ನಮ್ಮ ಬೀದಿಯಲ್ಲಿರಲಿಲ್ಲ. ಎರೆದು, ತಲೆಗೆ ಸಾಂಬ್ರಾಣಿ ಹಾಕಿ, ಕಿವಿಗೆ ಹತ್ತಿ ಇಟ್ಟು, ಬಾಣಂತಿಯನ್ನು ಕಂಬಳಿಯಲ್ಲಿ ಸುತ್ತಿ ಮಲಗಿಸಿ, ಮಂಚದ ಪಕ್ಕ ಕೆಂಡ ಇಡುತ್ತಿದ್ದಳು. ಕೆಂಡದ ವಿಷಯದಲ್ಲಿ ಅವಳದು ಅತಿ ಮಡಿ. ಜಾಲಿ ಸೌದೆಯೇ ಆಗಬೇಕು. ಅಂಗಳದಲ್ಲಿ ಉರಿಸಿ, ಉರಿ ಆರಿ, ಹೊಗೆ ಪೂರ್ತಿ ಹೋಗಿ, ಮೇಲೆ ಬೂದಿಯ ತೆಳ್ಳನೆ ಪದರ ಕಟ್ಟುವ ತನಕ ಒಳಗೆ ತರುವಂತಿಲ್ಲ. ಅವಸರ ಮಾಡಿದವರಿಗೆ ಅವಳ ಇಕ್ಕುಳವೇ ಉತ್ತರ ಹೇಳುತ್ತಿತ್ತು. ನನ್ನ ಮೊಣಕೈಗೂ ಒಮ್ಮೆ ಹೇಳಿತ್ತು.

"ಒಗೆ ಒಳಕ್ ಬಂದ್ರೆ ಮಗೀಗೆ ಕೆಮ್ಮು ಕಣೆ. ಒಗೆ ಇಲ್ದಿದ್ರೆ ಇನ್ನೇನ್ ಬಯ?" ಎನ್ನುತ್ತಿದ್ದಳು.

ಅವಳ ಕೆಂಡದ ಪಕ್ಕದಲ್ಲಿ ಬೀದಿಯ ಮಕ್ಕಳೆಲ್ಲ ಬೆಳೆದವು, ಒಂದಕ್ಕೂ ಏನೂ ಆಗಲಿಲ್ಲ. ಅದು ತನ್ನ ಕೈಗುಣ ಎಂದು ಅತ್ತೆ ನಂಬಿದ್ದಳು, ನಾವೂ ನಂಬಿದ್ದೆವು. ಮಕ್ಕಳನ್ನು ಕಾಯುತ್ತಿದ್ದದ್ದು ಆ ಸಂದಿಬಿಟ್ಟ ಹೆಂಚು ಎಂದು ಯಾರಿಗೆ ಹೊಳೆಯಬೇಕು?

ಆಮೇಲೆ ಅಪ್ಪ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ. ಅಪ್ಪನಿಗೆ ಆ ಮನೆಯಲ್ಲಿ ಬಹಳ ಹೆಮ್ಮೆಯೆಂದರೆ ಕಿಟಕಿಗಳು. ಸುತ್ತ ರಬ್ಬರ್ ಪಟ್ಟಿ ಇದ್ದ ಗಾಜಿನ ಕಿಟಕಿ. ಬಂದವರನ್ನೆಲ್ಲ ಕರೆದೊಯ್ದು ಟಪ್ಪೆಂದು ಮುಚ್ಚಿ, "ನೋಡಿ, ಒಂದ್ ಸೊಳ್ಳೆ ನುಗ್ಗಲ್ಲ" ಎಂದು ತೋರಿಸುತ್ತಿದ್ದ. ನೆಂಟರು ಹೌದೌದು ಎಂದು ತಲೆದೂಗಿ ಕಾಫಿಗಾಗಿ ಕಾಯುತ್ತಿದ್ದರು.

ಆ ಮನೆಯ ಮೊದಲ ಬಾಣಂತನ ನಮ್ಮಕ್ಕನದು. ಧನುರ್ಮಾಸದ ಚಳಿ, ಮೇಲೆ ಜಿಟಿಜಿಟಿ ಮಳೆ. ತನ್ನ ಕೈಯಲ್ಲೇ ಬೆಳೆದ ಹುಡುಗಿಯ ಬಾಣಂತನವೆಂದು ಅತ್ತೆಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಒಣಗಿದ ಜಾಲಿ ಸೌದೆಯನ್ನು ತಾನೇ ಆರಿಸಿ ತರಿಸಿದ್ದಳು. ಅವತ್ತು ಮಧ್ಯಾಹ್ನ ಅಕ್ಕನಿಗೆ ಎರೆದು ಮಲಗಿಸಿ, ಕಿಟಕಿ ಭದ್ರ ಮಾಡಿ, ಬಾಗಿಲ ಅಡಿಯ ಸಂದಿಗೆ ಹಳೆಯ ಸೀರೆ ತುರುಕಿದಳು. ಅಗ್ಗಿಷ್ಟಿಕೆಯ ತುಂಬ ಕೆಂಡ. ಎಷ್ಟು ಚೆನ್ನಾಗಿ ಹಣ್ಣಾದ ಕೆಂಡವೆಂದರೆ ಒಂದೆಳೆ ಹೊಗೆ ಇರಲಿಲ್ಲ. ಮಗು ರಚ್ಚೆ ಹಿಡಿದಿದ್ದರಿಂದ ಅಮ್ಮ ಅದನ್ನು ಎತ್ತಿಕೊಂಡು ನಡುಮನೆಗೆ ಬಂದಳು. ಅದು ಬದುಕಿದ್ದು ಹಟ ಮಾಡಿದ್ದರಿಂದ.

ನಾನು ಕಾಲೇಜಿನಿಂದ ಬಂದಾಗ ಅತ್ತೆ ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ಕಾವಲು ಕುಳಿತಿದ್ದಳು. ತುಟಿಯ ಮೇಲೆ ಬೆರಳಿಟ್ಟು, "ಏಳಿಸ್ಬ್ಯಾಡ. ಪಾಪ, ಇವತ್ತು ಒಳ್ಳೆ ನಿದ್ದೆ ಬಂದೈತೆ" ಎಂದಳು. ಆ ಮುಖದಲ್ಲಿದ್ದ ಸಮಾಧಾನ ನನಗೆ ಇವತ್ತಿಗೂ ಕಾಣುತ್ತದೆ. ಕಾಣದಿದ್ದರೆ ಚೆನ್ನಾಗಿತ್ತು.

ಕಾಫಿ ಹೊತ್ತಿಗೆ ಬಾಗಿಲು ತೆಗೆದೆವು. ಅಕ್ಕನ ಕೆನ್ನೆ ಕೆಂಪಗಿತ್ತು. ಅತ್ತೆ ಮೈ ಮುಟ್ಟಿ, "ನೋಡು, ಎಂಗ್ ಬೆಚ್ಚಗೌಳೆ" ಎಂದಳು. ಆಮೇಲೆ ಅಲುಗಾಡಿಸಿದಳು. ಆಮೇಲೆ ಅವಳು ಕೂಗಿದ ಕೂಗನ್ನು ನಾನು ಬರೆಯಲಾರೆ.

ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನನ್ನು ಕೂರಿಸಿಕೊಂಡು ಹೇಳಿದರು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಒಂದು ವಿಷದ ಗಾಳಿ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ ಎಂದರು. ಅತ್ತೆ ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡಳು. ಕೊನೆಗೆ, "ಒಗೆ ಇರ್ನಿಲ್ವಲ್ಲ ಸ್ವಾಮಿ?" ಎಂದಳು.

ಅಲ್ಲಿಂದಾಚೆ ಅವಳು ಬದುಕಿದ್ದಷ್ಟು ಕಾಲವೂ ಅದೊಂದನ್ನೇ ಕೇಳಿದಳು. ನಲ್ಲಿಯ ಹತ್ತಿರ, ಊಟದ ನಡುವೆ, ತೊಡೆಯ ಮೇಲೆ ಅಕ್ಕನ ಮಗುವನ್ನು ಮಲಗಿಸಿಕೊಂಡು. ಅವಳನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಜಗಳವಾಡಿ ಒಂದಿಷ್ಟು ಹಗುರವಾಗುತ್ತಿದ್ದಳೇನೋ. ಬೆಂಕಿ ಮುಟ್ಟುವುದನ್ನೇ ಬಿಟ್ಟಳು. ಮೈ ಕೊರೆಯುವ ಚಳಿಯಲ್ಲೂ ತಣ್ಣೀರು ಮೈಮೇಲೆ ಸುರಿದುಕೊಳ್ಳುತ್ತಿದ್ದಳು. ಮನೆಯ ಕಿಟಕಿಗಳನ್ನೆಲ್ಲ ಅಪ್ಪ ತೆಗೆದೇ ಇಡುತ್ತಿದ್ದ, ಸೊಳ್ಳೆಗಳು ಧಾರಾಳವಾಗಿ ಬಂದವು. ಅತ್ತೆ ಹೋದ ಮೇಲೆ ಅಗ್ಗಿಷ್ಟಿಕೆಯನ್ನು ಗುಜರಿಗೆ ಹಾಕಲು ಮನಸ್ಸಾಗದೆ, ಮನೆಯೊಳಗೆ ಇಟ್ಟುಕೊಳ್ಳಲೂ ಆಗದೆ, ಮಣ್ಣು ತುಂಬಿದೆ.

ಸಂಜೆ ಸಾವಿತ್ರಮ್ಮ ಬಂದರು. ಹೊರಗಿನವರಿಗೆ ಯಾರಿಗೂ ಹೇಳದಿದ್ದ ಇದನ್ನೆಲ್ಲ ಅವರಿಗೆ ಹೇಳಿದೆ. ಕೆಂಡ ಬೇಡವೇ ಬೇಡ, ಬೇಕಾದರೆ ನಮ್ಮ ಮನೆಯ ಕರೆಂಟಿನ ಹೀಟರ್ ತೆಗೆದುಕೊಂಡು ಹೋಗಿ ಎಂದೆ. ಅವರ ಕಣ್ಣು ಒದ್ದೆಯಾಯಿತು. ಸೆರಗಿನಲ್ಲಿ ಒರೆಸಿಕೊಂಡು, "ಅಯ್ಯೋ ಪಾಪ. ನಿಮ್ಮತ್ತೆಗೆ ಸರ್ಯಾಗಿ ಕೆಂಡ ಮಾಡೋಕೆ ಬರ್ತಿರ್ನಿಲ್ಲ ಅನ್ಸುತ್ತೆ ಕಣ್ರೀ. ನಾನಾದ್ರೆ ಒಂಚೂರೂ ಹೊಗೆ ಇಲ್ದಂಗೆ ಮಾಡ್ತೀನಿ" ಎಂದರು.

"ನಮ್ಮತ್ತೆ ಥರ ಮಾಡೋರು ಜಕ್ಕೂರಲ್ಲೇ ಇರ್ಲಿಲ್ಲ ಸಾವಿತ್ರಮ್ಮ. ಅದಕ್ಕೇ ಭಯ ನಂಗೆ" ಎಂದೆ. ಧ್ವನಿ ಏರಿಬಿಟ್ಟಿತ್ತು. ಅವರು ಪೆಚ್ಚಾಗಿ ಎದ್ದು ಹೋದರು. ಹೀಟರನ್ನು ಒಯ್ಯಲಿಲ್ಲ. ಆ ಒಣ ಬಿಸಿ ಬಾಣಂತಿಗೆ ಆಗಿಬರುವುದಿಲ್ಲವಂತೆ.

ಮರುದಿನ ಮಧ್ಯಾಹ್ನ ಸಾಂಬ್ರಾಣಿ ವಾಸನೆ ಬಂತು. ಕಾರಿಡಾರಿಗೆ ಬಂದು ನೋಡಿದರೆ ಅವರ ರೂಮಿನ ಕಿಟಕಿ ಮುಚ್ಚಿತ್ತು, ಅಂಚಿಗೆ ಟವೆಲ್ ಸಿಕ್ಕಿಸಿದ್ದರು. ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿ ಬೆಲ್ ಒತ್ತಿದೆ.

"ಬನ್ನಿ, ನೀವೇ ನೋಡಿ, ಹೊಗೆ ಏನಾದ್ರೂ ಐತಾ?" ಎಂದು ಸಾವಿತ್ರಮ್ಮ ರೂಮಿಗೇ ಕರೆದೊಯ್ದರು. ಸಿಮೆಂಟ್ ಕಲಸುವ ಬಾಂಡ್ಲಿಯಲ್ಲಿ ಕೆಂಡ. ಹೊಗೆ ಇರಲಿಲ್ಲ. ಮಂಚದ ಮೇಲೆ ಮಗಳು, ಪಕ್ಕದಲ್ಲಿ ಮಗು, ಇಬ್ಬರಿಗೂ ನಿದ್ದೆ. ಹುಡುಗಿಯ ಕೆನ್ನೆ ಕೆಂಪಗಿತ್ತು. ಟವೆಲ್ ಎಳೆದು ಬಿಸಾಡಿ ಕಿಟಕಿ ಸರಿಸಿದೆ.

"ಏಳಿಸ್ಬೇಡಿ ರೀ, ಈಗ್ತಾನೆ ಒಳ್ಳೆ ನಿದ್ದೆ ಬಂದೈತೆ" ಎಂದರು ಸಾವಿತ್ರಮ್ಮ.

ನಾನು ಭುಜ ಹಿಡಿದು ಎಬ್ಬಿಸಿದೆ. ಹುಡುಗಿ ಗಾಬರಿಯಿಂದ ಕಣ್ಣು ಬಿಟ್ಟು, "ಏನಾಯ್ತು ಆಂಟಿ?" ಎಂದಳು. ಮಗು ಅಳತೊಡಗಿತು.

"ಏನಿಲ್ಲಮ್ಮ. ಎದ್ಯಲ್ಲ, ಸಾಕು" ಎಂದೆ. ನಾನೇ ಬಾಂಡ್ಲಿಯನ್ನು ಬಟ್ಟೆಯಲ್ಲಿ ಹಿಡಿದು ಅವರ ಬಾಲ್ಕನಿಗೆ ಒಯ್ದು ಇಟ್ಟೆ. ಸಾವಿತ್ರಮ್ಮ ತಲೆ ಕೆಟ್ಟವಳಿಗೆ ಎದುರಾಡಬಾರದು ಎಂಬಂತೆ ಬಾಗಿಲ ತನಕ ಬಂದು, "ಆಯ್ತು ಬಿಡಿ, ಇನ್ ಇಡಲ್ಲ" ಎಂದರು.

ನನ್ನ ಬಾಗಿಲಿಗೆ ಬಂದು ಒಳಗೆ ಕಾಲಿಡುತ್ತಿದ್ದೆ. ಹಿಂದೆ ಮಗುವಿನ ಅಳು ನಿಂತಿತು. ಬಾಂಡ್ಲಿ ನೆಲಕ್ಕೆ ಉಜ್ಜಿದ ಸದ್ದು, ಆಮೇಲೆ ಕಿಟಕಿ ಸರಿದು ಮುಚ್ಚಿಕೊಂಡ ಸದ್ದಾಯಿತು. ಅವರು ಮಗಳನ್ನು ಪ್ರೀತಿಯಿಂದ ಬೆಚ್ಚಗೆ ಮಾಡುತ್ತಿದ್ದರು, ನಮ್ಮತ್ತೆಯ ಹಾಗೆಯೇ. ನಾನು ತಿರುಗಿ ಹೋಗಿ ಮತ್ತೆ ಬೆಲ್ ಒತ್ತಿದೆ.